ಹುಟ್ಟಲಿರುವ ಶಿಶುವಿನ ರಕ್ಷಣೆ ಯಾರ ಹೊಣೆ?

ಮಗುವೊಂದು ಕುರುಡಾಗಿಯೋ ಕಿವುಡಾಗಿಯೋ ಹುಟ್ಟಿದರೆ ನಮ್ಮ ಜನ ಮೊದಲು ದೂರುವುದು ತಾಯಿಯನ್ನು. ಗ್ರಹಣದ ಹೊತ್ತಿನಲ್ಲಿ ಆಕೆ ಹೊರಗೆ ಬಂದಿದ್ದಳೆಂದು ಕೆಲವರು ಹೇಳಿದರೆ, ಪೂರ್ವಜನ್ಮದ ಕರ್ಮವೆಂದು ಕೆಲವರು ನಿಟ್ಟುಸಿರು ಬಿಡುತ್ತಾರೆ. ಇಂತಹ ಕೆಲವು ದುರಂತಗಳಿಗೆ ಕಾರಣ ಗ್ರಹಣವೂ ಅಲ್ಲ, ಕರ್ಮವೂ ಅಲ್ಲ. ರುಬೆಲ್ಲಾ ಎಂಬ ರೋಗದ ವೈರಸ್.

ಈ ಸಂಬಂಧವನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯದ ಸಿಡ್ನಿ ನಗರದ ನೇತ್ರವೈದ್ಯ ನಾರ್ಮನ್ ಗ್ರೆಗ್. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ 78 ಶಿಶುಗಳ ವೃತ್ತಾಂತವನ್ನು ಅವರು 1941ರಲ್ಲಿ ಪ್ರಕಟಿಸಿದರು. ಅವರಲ್ಲಿ 68 ಶಿಶುಗಳ ತಾಯಂದಿರಿಗೆ ಬಸಿರಿನಲ್ಲಿ ರುಬೆಲ್ಲಾ ಬಂದಿತ್ತು.

ಮಕ್ಕಳಿಗೆ ಇದು ಬಲು ಸೌಮ್ಯವಾದ ರೋಗ. ಸ್ವಲ್ಪ ಜ್ವರ, ಮೈಮೇಲೆ ಮೂರು ದಿನ ಕೆಂಪು ಗುಳ್ಳೆ. ಎಷ್ಟೋ ಮಂದಿಗೆ ರೋಗ ಬಂದುಹೋದುದೇ ತಿಳಿಯದು. ಆದರೆ ಗರ್ಭಿಣಿಗೆ ಸೋಂಕಿದರೆ ವೈರಸ್ ಅವಳ ರಕ್ತದಿಂದ ಮಾಸನ್ನು ದಾಟಿ ಭ್ರೂಣವನ್ನು ಸೇರಬಲ್ಲುದು. ಮೊದಲ ಮೂರು ತಿಂಗಳಲ್ಲಿ ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುತ್ತಿರುತ್ತವೆ. ಆಗ ಜೀವಕೋಶಗಳ ಬೆಳವಣಿಗೆಗೆ ತಡೆಯುಂಟಾದರೆ ಆ ಅಂಗಗಳು ಮುಂದೆ ಸರಿಹೋಗಲಾರವು. ಈ ಅವಧಿಯಲ್ಲಿ ತಾಯಿಗೆ ಸೋಂಕು ತಗಲಿದರೆ ನೂರಕ್ಕೆ ತೊಂಬತ್ತರವರೆಗೂ ಶಿಶುಗಳಿಗೆ ಹಾನಿಯಾಗಬಹುದು. ಅಮೆರಿಕದಲ್ಲಿ 1964-65ರ ಪಿಡುಗಿನಿಂದ ಹೀಗೆ ನೊಂದು ಹುಟ್ಟಿದ ಮಕ್ಕಳು ಸುಮಾರು 20,000. ಅಲ್ಲಿ ಲಸಿಕೆ ಬಳಕೆಗೆ ಬಂದದ್ದು 1969ರಲ್ಲಿ.

ಲಸಿಕೆಯೇನೋ ಬಂದಿತು, ಆದರೆ ಅದನ್ನು ಯಾರಿಗೆ ಕೊಡಬೇಕು? ಬಸಿರಾಗುವವರು ಹೆಣ್ಣುಮಕ್ಕಳಾದ್ದರಿಂದ ಅವರಿಗಷ್ಟೇ ಸಾಕೆಂದು ತೋರುವುದು ಸಹಜ. ಬ್ರಿಟನ್ನಿನಲ್ಲಿ 1970ರಿಂದ ಶಾಲೆಯ ಹುಡುಗಿಯರಿಗೆ ಮಾತ್ರ ಲಸಿಕೆ ಹಾಕಿದರು. ಆದರೆ ಹುಡುಗರಲ್ಲಿಯೂ ಎಳೆಯ ಮಕ್ಕಳಲ್ಲಿಯೂ ವೈರಸ್ ಓಡಾಡುತ್ತಲೇ ಇದ್ದಿತು. ಲಸಿಕೆ ತಪ್ಪಿದ ಗರ್ಭಿಣಿಯರಿಗೆ ಅಲ್ಲಿಂದಲೇ ಅಂಟಿತು. 1988ರಲ್ಲಿ ಅಲ್ಲಿನವರು ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಲಸಿಕೆ ಕೊಡಲು ಆರಂಭಿಸಿದರು.

ಗ್ರೀಸ್ ದೇಶದ ಅನುಭವ ಇನ್ನೂ ಕಟುವಾದುದು. ಅಲ್ಲಿ 1975ರಿಂದ ಲಸಿಕೆಯಿದ್ದರೂ 1980ರ ದಶಕದುದ್ದಕ್ಕೂ ಅರ್ಧದಷ್ಟು ಮಕ್ಕಳಿಗೂ ಅದು ತಲುಪಲಿಲ್ಲ. ವೈರಸ್ಸಿನ ಓಟ ತಗ್ಗಿತೇ ಹೊರತು ನಿಲ್ಲಲಿಲ್ಲ. ಲಸಿಕೆಯೂ ಇಲ್ಲದೆ, ಬಾಲ್ಯದಲ್ಲಿ ರೋಗವೂ ಬಾರದೆ ಬೆಳೆದ ಹುಡುಗಿಯರು ತಾಯ್ತನದ ವಯಸ್ಸಿಗೆ ಬಂದರು. 1993ರ ಪಿಡುಗಿನಲ್ಲಿ 25 ಶಿಶುಗಳು ಗರ್ಭದಲ್ಲೇ ಈ ರೋಗಕ್ಕೆ ತುತ್ತಾದುದು ಪರೀಕ್ಷೆಯಿಂದ ದೃಢಪಟ್ಟಿತು. ಕೆಲವರಿಗೆ ಹಾಕಿ ಕೆಲವರನ್ನು ಬಿಡುವ ಅರೆಮನಸ್ಸಿನ ಕೆಲಸವು ಅಪಾಯವನ್ನು ನೀಗುವ ಬದಲು ಎಳೆಯರ ಮೇಲಿಂದ ತಾಯಂದಿರ ಮೇಲೆ ಹೊರಿಸೀತು!

ವಿದ್ಯಾರ್ಥಿ ಮಿತ್ರರೇ, ಇದು ದೂರದೇಶದ ಕಥೆಯಷ್ಟೇ ಅಲ್ಲ. ಭಾರತದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು 2017ರ ಫೆಬ್ರವರಿಯಲ್ಲಿ ಮೊದಲಾದಾಗ ಕರ್ನಾಟಕವು ಮೊದಲ ರಾಜ್ಯಗಳಲ್ಲಿ ಒಂದಾಗಿತ್ತು. ಒಂಬತ್ತು ತಿಂಗಳು ತುಂಬಿದ, ಹದಿನೈದು ವರ್ಷದೊಳಗಿನ ಮಕ್ಕಳೆಲ್ಲರಿಗೂ ಆ ಲಸಿಕೆ ಮೀಸಲಾಗಿತ್ತು. ನಿಮ್ಮಲ್ಲಿ ಅನೇಕರು ಅಂದು ಶಾಲೆಯಲ್ಲಿ ತೋಳು ಒಡ್ಡಿದವರೇ ಇರಬಹುದು. ಆ ವಯಸ್ಸನ್ನು ಆಗಲೇ ದಾಟಿದ್ದ ನಿಮ್ಮ ಅಕ್ಕ, ಅತ್ತಿಗೆಯರಿಗೆ ಅದು ದೊರೆಯಲಿಲ್ಲ. ಅವರೇ ಇಂದು ತಾಯಂದಿರಾಗುತ್ತಿರುವವರು.

ಈ ಲಸಿಕೆಯಲ್ಲಿ ಬಲಗುಂದಿಸಿದ ಜೀವಂತ ವೈರಸ್ ಇರುವುದರಿಂದ ಬಸಿರಿನಲ್ಲಿ ಅದನ್ನು ಕೊಡುವುದಿಲ್ಲ. ಆದುದರಿಂದ ಮಗುವಿನ ಬಯಕೆಯುಳ್ಳವರು ಮೊದಲೇ ವೈದ್ಯರನ್ನು ಕೇಳಿ ಲಸಿಕೆ ಪಡೆದು, ಬಳಿಕ ಒಂದು ತಿಂಗಳಾದರೂ ಕಾಯಬೇಕು. ಆಗಲೇ ಗರ್ಭಿಣಿಯಾದವಳಿಗೆ ಅವಳ ಸುತ್ತಲಿನವರೇ ಕೋಟೆ. ಆ ಕೋಟೆಯ ಕಲ್ಲುಗಳು ನೀವು, ನಿಮ್ಮ ತಮ್ಮಂದಿರು, ನೆರೆಮನೆಯ ಮಕ್ಕಳು.

“ನಾನು ಹುಡುಗ, ನನಗೇಕೆ?” ಎಂದು ಕೇಳುವವನು ಬಸ್ಸಿನಲ್ಲಿ ತನ್ನ ಪಕ್ಕದಲ್ಲಿ ನಿಂತವರು ಯಾರೆಂಬುದನ್ನು ಒಮ್ಮೆ ನೋಡಲಿ. ಗ್ರಹಣಕ್ಕೆ ಅಂಜಿ ಗರ್ಭಿಣಿಯನ್ನು ಕೋಣೆಯಲ್ಲಿ ಕೂಡಿಹಾಕುವ ಮನೆಯು ತನ್ನ ಎಳೆಯರಿಗೆ ಲಸಿಕೆ ಹಾಕಿಸದೆ ಬಿಟ್ಟರೆ ಅದೆಂತಹ ಎಚ್ಚರ? ಹುಟ್ಟಲಿರುವ ಶಿಶುವನ್ನು ಕಾಯುವ ಭಾರವನ್ನು ತಾಯಿಯೊಬ್ಬಳ ಹೆಗಲಿಗೇ ಬಿಡುವುದು ನ್ಯಾಯವಲ್ಲ. ಅದು ಊರಿನ ಹೊಣೆ.