ಎರಡನೇ ಮೋಟಾರು ಆಮೇಲೆ, ಎರಡನೇ ಹುಟ್ಟು ಮೊದಲು

ನೇರವಾಗಿ ಹೇಳಿಬಿಡುತ್ತೇವೆ. ಮದ್ದೂರು, ಮಳವಳ್ಳಿ, ಮಂಡ್ಯ ಸೀಮೆಯ ಕೆರೆಗಳಲ್ಲಿ ಬಲೆ ಬಿಡುವ ಮೀನುಗಾರರಿಗೆ ‘ಬ್ಯಾಕಪ್ ಮೋಟಾರು’ ಮಾರುವುದು ಅಂದರೆ ಸೈಕಲ್ಲೂ ಇಲ್ಲದವನಿಗೆ ಕಾರಿನ ಸ್ಟೆಪ್ನಿ ಮಾರಿದ ಹಾಗೆ. ಮೈಮೇಲೆ ಲೈಫ್ ಜಾಕೆಟ್ ಇಲ್ಲ, ತೆಪ್ಪದಲ್ಲಿ ಎರಡನೇ ಹುಟ್ಟು ಇಲ್ಲ, ವಿಮೆಯಲ್ಲಿ ಹೆಸರು ಸೇರಿದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಮೊಬೈಲು ತೆಗೆದರೆ ಸಾಕು, ಸಣ್ಣ ದೋಣಿಗೆ ಮೋಟಾರು ಕಟ್ಟಿ ನೀರು ಸೀಳಿಕೊಂಡು ಹೋಗುವ ವಿಡಿಯೋ. ಅದನ್ನು ನೋಡಿದ ಹುಡುಗರು ಕೇಳುವ ಪ್ರಶ್ನೆ, ‘ಮೇನ್ ಮೋಟಾರು ಯಾವುದು, ಕೈಕೊಟ್ಟರೆ ಇರಲಿ ಅಂತ ಇನ್ನೊಂದು ಯಾವುದು ತಗೊಳ್ಳೋದು?’

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಹುಡುಗರನ್ನು ನಾವು ಬೈಯುತ್ತಿಲ್ಲ. ನೀರಿನ ಮೇಲೆ ಒಂದು ಕೈಕೊಟ್ಟರೆ ಇನ್ನೊಂದು ಇರಬೇಕು ಅನ್ನುವ ಅವರ ಯೋಚನೆ ಸರಿಯಾಗಿಯೇ ಇದೆ. ಆ ‘ಇನ್ನೊಂದು’ ಕೂಡ ಮೋಟಾರೇ ಆಗಿರಬೇಕು ಅಂತ ತಲೆಗೆ ತುಂಬಿದವರ ಜೊತೆ ನಮ್ಮ ಜಗಳ.

ಕಡಲಿನ ಮಾತು ಬೇರೆ

ದೋಣಿಯ ಹಿಂದೆ ನೇತುಹಾಕುವ ಈ ಔಟ್‌ಬೋರ್ಡ್ ಮೋಟಾರು ಕರಾವಳಿಯವರಿಗೆ ಹೊಸದಲ್ಲ. ಅಲ್ಲಿನ ನಾಡದೋಣಿಗಳಿಗೆ ಅದೇ ಜೀವ. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ಮಳೆಗಾಲದಲ್ಲೂ 10 ಎಚ್‌ಪಿ ಒಳಗಿನ ಮೋಟಾರು ಇರುವ ನಾಡದೋಣಿಗಳಿಗೆ ಅವಕಾಶ ಇರುತ್ತದೆ. ಅಂಥ ಸಮುದ್ರದಲ್ಲಿ ಮೋಟಾರು ನಿಂತರೆ ಗಾಳಿ, ನೀರಿನ ಸೆಳೆತ ಸೇರಿ ದೋಣಿಯನ್ನು ದಡ ಕಾಣದ ಕಡೆಗೆ ಎಳೆದೊಯ್ಯಬಹುದು. ಹುಟ್ಟು ಹಾಕಿ ವಾಪಸು ಬರುವುದು ಆಗದ ಮಾತು. ಅಲ್ಲಿ ಎರಡನೇ ಮೋಟಾರು ಇಟ್ಟುಕೊಳ್ಳುವವನು ಬುದ್ಧಿವಂತ.

ಆದರೆ ಕಡಲಿನ ಬುದ್ಧಿಯನ್ನು ಹಾಗೇ ತಂದು ಕೆರೆಗೆ ಸುರಿದರೆ ಅದು ಬುದ್ಧಿ ಆಗುವುದಿಲ್ಲ, ವ್ಯಾಪಾರ ಆಗುತ್ತದೆ.

ನಮ್ಮ ನೀರು, ನಮ್ಮ ತೆಪ್ಪ

ನಮ್ಮಲ್ಲಿ ಓಡುವುದು ತೆಪ್ಪ, ಅಂದರೆ ಹರಿಗೋಲು. ಹಿಂದೆ ಬಿದಿರು ಹೆಣೆದು ಚರ್ಮ ಹೊದಿಸುತ್ತಿದ್ದರು, ಈಗ ಫೈಬರಿನದು ಬಂದಿದೆ. ಯಾವುದಾದರೂ ಆಕಾರ ಮಾತ್ರ ಅದೇ, ಗುಂಡಗಿನ ಬುಟ್ಟಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಔಟ್‌ಬೋರ್ಡ್ ಮೋಟಾರು ಕಚ್ಚಿಕೊಳ್ಳಬೇಕಾದರೆ ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಂತ ಗಟ್ಟಿ ಹಲಗೆ ಬೇಕು. ತೆಪ್ಪಕ್ಕೆ ಅದೇ ಇಲ್ಲ. ಅಂಚಿಗೆ ಹೇಗೋ ಬಿಗಿದು ಚಾಲು ಮಾಡಿದರೂ ನೆಟ್ಟಗೆ ಹೋಗುವುದು ಕಷ್ಟ, ತಳ ಗುಂಡಗಿರುವುದರಿಂದ ಬುಗುರಿ ಥರ ಸುತ್ತುತ್ತದೆ. ಅಂಚಿನ ಮೇಲೆ ಹದಿನೈದು ಕೆಜಿ ಕಬ್ಬಿಣ, ಅದರ ಪಕ್ಕದಲ್ಲೇ ಒಬ್ಬ ಮನುಷ್ಯ ಕೂತರೆ ತೆಪ್ಪ ಯಾವ ಕಡೆ ವಾಲುತ್ತದೆ ಅಂತ ನಾವು ಬರೆದು ಹೇಳಬೇಕಾಗಿಲ್ಲ.

ತೆಪ್ಪ ಬಿಡಿ, ಫೈಬರ್ ದೋಣಿ ಇದೆ ಅಂತಲೇ ಇಟ್ಟುಕೊಳ್ಳೋಣ. ಆಗ ನೀರನ್ನು ನೋಡಿ. ನಮ್ಮ ಕೆರೆಗಳು ಬೇಸಿಗೆಯಲ್ಲಿ ಸೊಂಟದ ಮಟ್ಟಕ್ಕೆ ಇಳಿಯುತ್ತವೆ. ಅಂಚಿನಲ್ಲಿ ಜೊಂಡು, ನಡುವೆ ಅಂತರಗಂಗೆ, ಅಡಿಗೆ ಹೂಳು. ಇವೆಲ್ಲ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಸಾಮಾನುಗಳೇ. ಸಾಲದ್ದಕ್ಕೆ ರಾತ್ರಿ ಬಿಟ್ಟು ಬೆಳಗ್ಗೆ ಎತ್ತುವ ಬಲೆಗಳು ನೀರಲ್ಲಿ ಗೋಡೆ ಥರ ನಿಂತಿರುತ್ತವೆ. ಒಂದು ಸಲ ಪ್ರೊಪೆಲ್ಲರಿಗೆ ಬಲೆ ಸಿಕ್ಕಿದರೆ ಬಲೆಯೂ ಹೋಯಿತು, ಪಿನ್ನೂ ಮುರಿಯಿತು, ಆ ದಿನದ ಕಾಟ್ಲಾ, ರೋಹು, ಜಿಲೇಬಿಯೂ ಹೋಯಿತು.

ಕನ್ನಂಬಾಡಿ ಹಿನ್ನೀರಿನದು ಇನ್ನೊಂದು ಕಥೆ. ಕೆಆರ್‌ಎಸ್ ತುಂಬಿದಾಗ ಮಟ್ಟ 124.80 ಅಡಿ. ಇಳಿಯುತ್ತಾ ಹೋದಂತೆ ಮೊನ್ನೆ ಆಳ ಇದ್ದ ಜಾಗದಲ್ಲಿ ಇವತ್ತು ಬಂಡೆ. ಹಳೇ ಕನ್ನಂಬಾಡಿ ಊರೇ ಮುಳುಗಿದ ನೀರು ಅದು. ಅಲ್ಲಿ ಹುಟ್ಟು ಹಾಕುವವನ ಕೈಗೆ ತಳ ತಗುಲಿದ್ದು ತಕ್ಷಣ ಗೊತ್ತಾಗುತ್ತದೆ. ಮೋಟಾರಿಗೆ ಗೊತ್ತಾಗುವುದು ಮುರಿದ ಮೇಲೆ.

ಕೊಕ್ಕರೆ ಬೆಳ್ಳೂರನ್ನೂ ಮರೆಯಬೇಡಿ. ಹೆಜ್ಜಾರ್ಲೆಗಳಿಗೆ ಊರವರೇ ಮನೆಯಂಗಳದ ಮರಗಳಲ್ಲಿ ಜಾಗ ಬಿಟ್ಟುಕೊಟ್ಟ ಆ ಮದ್ದೂರು ತಾಲ್ಲೂಕಿನ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಆ ಹಕ್ಕಿಗಳು ಮೀನಿಗೆ ಹೋಗುವುದು ಸುತ್ತಲಿನ ಕೆರೆಗಳಿಗೇ. ಹಳೇ ಮಾದರಿಯ ಟು-ಸ್ಟ್ರೋಕ್ ಮೋಟಾರಿನಲ್ಲಿ ಹಾಕಿದ ಪೆಟ್ರೋಲು, ಆಯಿಲ್‌ನ ಸುಮಾರು ಕಾಲು ಭಾಗದವರೆಗೂ ಸುಡದೆ ಹೊಗೆಕೊಳವೆಯಿಂದ ಆಚೆ ಹೋಗುತ್ತದೆ. ಔಟ್‌ಬೋರ್ಡಿನ ಹೊಗೆಕೊಳವೆ ಇರುವುದು ನೀರಿನೊಳಗೆ. ಅದೇ ಕೆರೆಯಲ್ಲಿ ನಿಮ್ಮ ದನವೂ ನೀರು ಕುಡಿಯುತ್ತದೆ.

ಒಂದೇ ಕಾಯಿಲೆಯ ಎರಡು ಎಂಜಿನ್

ಈಗ ಮುಖ್ಯ ವಿಷಯಕ್ಕೆ ಬರೋಣ. ಬ್ಯಾಕಪ್ ಅಂದರೇನು? ಮೊದಲನೆಯದು ಯಾವ ಕಾರಣಕ್ಕೆ ಕೆಡುತ್ತದೋ ಆ ಕಾರಣಕ್ಕೆ ಕೆಡದಿರುವುದು. ಕರೆಂಟು ಹೋದರೆ ಉರಿಯಲಿ ಅಂತ ಲಾಟೀನು ಇಟ್ಟುಕೊಳ್ಳುತ್ತೇವೆಯೇ ಹೊರತು ಅದೇ ಲೈನಿಗೆ ಇನ್ನೊಂದು ಬಲ್ಬು ಹಾಕುವುದಿಲ್ಲ.

ಸಣ್ಣ ಮೋಟಾರು ನಿಲ್ಲುವುದು ಬಹುತೇಕ ಪೆಟ್ರೋಲಿನ ದೆಸೆಯಿಂದ. ಕಸ, ನೀರು, ಹಳೇ ಪೆಟ್ರೋಲು, ಕಟ್ಟಿಕೊಂಡ ಕಾರ್ಬುರೇಟರು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20ರಷ್ಟು ಶೇಕಡಾ ಎಥೆನಾಲ್. ಕಬ್ಬು ಬೆಳೆಯುವ ನಮಗೆ ಎಥೆನಾಲ್ ಮೇಲೆ ಸಿಟ್ಟಿಲ್ಲ. ಆದರೆ ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು, ಎಥೆನಾಲ್ ಸೇರಿ ತಳಕ್ಕೆ ಕೂರುತ್ತವೆ. ಹೊಲದಲ್ಲಿ ಕಳೆ ಹೊಡೆಯುವ ಬ್ರಷ್ ಕಟರನ್ನು ಆರು ತಿಂಗಳು ಮೂಲೆಗಿಟ್ಟು ಆಮೇಲೆ ಹಗ್ಗ ಎಳೆದು ನೋಡಿದವರಿಗೆ ಇದು ಗೊತ್ತಿರುತ್ತದೆ. ಭುಜ ನೋಯುತ್ತದೆ, ಎಂಜಿನ್ ಕೆಮ್ಮುತ್ತದೆ, ಹತ್ತುವುದಿಲ್ಲ.

ಬ್ಯಾಕಪ್ ಮೋಟಾರು ಅಂದರೆ ಮೂಲೆಗಿಟ್ಟ ಬ್ರಷ್ ಕಟರೇ. ಬೇಕಾಗುವವರೆಗೂ ಯಾರೂ ಮುಟ್ಟುವುದಿಲ್ಲ. ಬೇಕಾದ ದಿನ, ಆಷಾಢದ ಗಾಳಿಯಲ್ಲಿ, ಅಲ್ಲಾಡುವ ದೋಣಿಯಲ್ಲಿ ನಿಂತು ಹಗ್ಗ ಎಳೆಯಬೇಕು. ಎರಡೂ ಮೋಟಾರಿಗೆ ಒಂದೇ ಕ್ಯಾನಿನ ಪೆಟ್ರೋಲು ಹಾಕಿದ್ದರಂತೂ ಮುಗಿಯಿತು. ಒಂದೇ ಕ್ಯಾನಿನ ಎರಡು ಮೋಟಾರು ಅಂದರೆ ಲೆಕ್ಕಕ್ಕೆ ಒಂದೇ ಮೋಟಾರು, ಸಾಲ ಮಾತ್ರ ಎರಡು.

ಹುಟ್ಟಿಗೆ ಪೆಟ್ರೋಲು ಬೇಡ, ಪ್ಲಗ್ಗು ಬೇಡ, ಸರ್ವೀಸು ಬೇಡ. ಊರಿನ ಬಡಗಿ ಮಾಡಿಕೊಡುತ್ತಾನೆ. ಅರ್ಧ ಮೈಲಿ ಅಗಲದ ಕೆರೆಯಲ್ಲಿ ಅದು ನಿಮ್ಮನ್ನು ದಡ ಸೇರಿಸುತ್ತದೆ.

‘ಹಾಗಾದ್ರೆ ನಾವು ಹುಟ್ಟು ಹಾಕ್ತಾನೇ ಸಾಯಬೇಕಾ?’

ನ್ಯಾಯವಾದ ಪ್ರಶ್ನೆ. ಬೆಸ್ತರ, ಗಂಗಾಮತಸ್ಥರ ಮನೆಯ ಹುಡುಗರು ಮಾತ್ರ ಹಳೇ ಕಾಲದಲ್ಲೇ ಇರಲಿ, ಊರಿನ ಮಿಕ್ಕವರೆಲ್ಲ ಟ್ರ್ಯಾಕ್ಟರು ಹತ್ತಲಿ ಅನ್ನುವುದು ನಮ್ಮ ಮಾತಲ್ಲ. ಹಿನ್ನೀರಿನಲ್ಲಿ ದೂರ ಹೋಗುವವರು, ತೋಳಿನ ಬಲ ಕುಗ್ಗಿದವರು, ಸರಿಯಾದ ಫೈಬರ್ ದೋಣಿ ಇರುವವರು ಮೋಟಾರು ತಗೊಳ್ಳಲಿ. ಅಂಥವರು ಎರಡನೆಯದನ್ನೂ ತಗೊಳ್ಳುವುದೇ ಆದರೆ ಅಂಗಡಿಯವನ ಮಾತಿಗೆ ತಲೆಯಾಡಿಸದೆ ಇಷ್ಟು ನೋಡಿಕೊಳ್ಳಲಿ:

• ಎರಡನೆಯದು 2ರಿಂದ 3 ಎಚ್‌ಪಿ ಫೋರ್-ಸ್ಟ್ರೋಕ್ ಸಾಕು. ಅದರ ಕೆಲಸ ನಡಿಗೆಯ ವೇಗದಲ್ಲಿ ದಡಕ್ಕೆ ತರುವುದು, ಓಟದ ಪಂದ್ಯ ಅಲ್ಲ. ತೂಕ 13ರಿಂದ 18 ಕೆಜಿ ಒಳಗಿರಲಿ, ಒಬ್ಬನೇ ಎತ್ತುವಂತಿರಬೇಕು.

• ಅದರದ್ದೇ ಸಣ್ಣ ಟ್ಯಾಂಕು ಇರಬೇಕು. ಮೊದಲ ಮೋಟಾರಿನ ಕ್ಯಾನಿನಿಂದ ಪೈಪು ಎಳೆಯಬೇಡಿ.

• ಶಾಫ್ಟಿನ ಉದ್ದ 15 ಇಂಚು, 20 ಇಂಚು ಅಂತ ಎರಡು ಅಳತೆಯಲ್ಲಿ ಬರುತ್ತದೆ. ದೋಣಿಯ ಹಿಂಬದಿ ಹಲಗೆಯನ್ನು ಅಳೆದ ಮೇಲೆಯೇ ಅಂಗಡಿಗೆ ಹೋಗಿ. ಗಿಡ್ಡದಾದರೆ ಗಾಳಿ ಕಡೆಯುತ್ತದೆ, ಉದ್ದವಾದರೆ ಕೆಸರು ಕಡೆಯುತ್ತದೆ.

• ಟು-ಸ್ಟ್ರೋಕ್ ಆದರೆ ಆಯಿಲ್ ಬೆರೆಸುವ ಲೆಕ್ಕ ತಪ್ಪಬಾರದು. 50:1 ಅಂತ ಬರೆದಿದ್ದರೆ ಲೀಟರಿಗೆ 20 ಮಿ.ಲೀ.

• ಬ್ಯಾಟರಿ ಮೋಟಾರು ಪೆಟ್ರೋಲಿನ ಕಾಯಿಲೆಗೆ ಸಿಕ್ಕುವುದಿಲ್ಲ, ಆ ಲೆಕ್ಕದಲ್ಲಿ ಒಳ್ಳೆಯ ಬ್ಯಾಕಪ್. ಆದರೆ ಫುಲ್ ವೇಗದಲ್ಲಿ 40 ಆಂಪಿಯರ್ ಎಳೆಯುವ ಮೋಟಾರಿಗೆ 100 ಎಎಚ್ ಲೆಡ್ ಬ್ಯಾಟರಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬಂದರೆ ಪುಣ್ಯ, ಯಾಕಂದರೆ ಅಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ತೂಕವೂ 25 ಕೆಜಿ ದಾಟುತ್ತದೆ.

• ವಾರಕ್ಕೊಂದು ಸಲ ನೀರಿನಲ್ಲಿ ಇಳಿಸಿ ಚಾಲು ಮಾಡಬೇಕು. ಆಗುವುದಿಲ್ಲ ಅಂದರೆ ಕೊಳ್ಳಲೇಬೇಡಿ.

ಹೆಸರಾಂತ ಕಂಪನಿಯ ಹೊಸ ಸಣ್ಣ ಮೋಟಾರಿಗೇ ಅರ್ಧ ಲಕ್ಷದ ಮೇಲೆ ಬೀಳುತ್ತದೆ. ಅಗ್ಗಕ್ಕೆ ಆನ್‌ಲೈನಿನಲ್ಲಿ ಬರುವವಕ್ಕೆ ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ಮಂಡ್ಯ ಪೇಟೆಯಲ್ಲಿ ಪಂಪ್‌ಸೆಟ್ಟಿಗೆ, ಟಿಲ್ಲರಿಗೆ ಮೆಕ್ಯಾನಿಕ್ ಇದ್ದಾರೆ. ನಿಮ್ಮ ಮೋಟಾರನ್ನು ಬಿಚ್ಚಿ ಜೋಡಿಸುವವರು ಯಾರು?

‘ನಮಗೆ ಈಜು ಬರುತ್ತೆ ಕಣ್ರೀ’

ಜಾಕೆಟ್ ಮಾತು ಎತ್ತಿದರೆ ಸಿಗುವ ಉತ್ತರ ಇದು. ಈಜು ಬರುತ್ತದೆ, ಒಪ್ಪಿದೆವು. ಕಾಲಿಗೆ ಬಲೆ ಸುತ್ತಿಕೊಂಡಾಗ ಬರುತ್ತದಾ? ತೆಪ್ಪದ ಅಂಚು ತಲೆಗೆ ಬಡಿದಾಗ? ಬೆಳಗಿನ ಜಾವ ನಾಲ್ಕಕ್ಕೆ, ಲುಂಗಿ ಒದ್ದೆಯಾಗಿ ಕಾಲಿಗೆ ಅಂಟಿದಾಗ? ಒಂದು ಗುಟುಕು ಹಾಕಿಕೊಂಡಿದ್ದಾಗ? ಈಜು ಕೈಕಾಲು ಆಡುವವರೆಗೆ ಕಾಪಾಡುತ್ತದೆ. ಕೈಕಾಲು ಆಡದಾಗಲೂ ಮೂಗನ್ನು ನೀರಿನ ಮೇಲೆ ಇಡುವುದು ಜಾಕೆಟ್ ಒಂದೇ.

ಹಾಗಂತ ಯಾವ ಜಾಕೆಟ್ ಕೊಟ್ಟರೂ ಆಗುವುದಿಲ್ಲ. ಬಲೆ ಎಳೆಯುವವನಿಗೆ ಜೋತಾಡುವ ಪಟ್ಟಿ, ಕೊಂಡಿ ಇರಬಾರದು, ಬಲೆಗೆ ಸಿಕ್ಕಿಕೊಳ್ಳುತ್ತದೆ. ತೋಳು ಬಿಡುವಾಗಿ ಆಡಬೇಕು. ಕೊಟ್ಟವರು ಫೋಟೋ ತೆಗೆಸಿಕೊಂಡು ಹೋದ ಮೇಲೆ ಮನೆಯ ಅಟ್ಟ ಸೇರುವ ಜಾಕೆಟ್ ಯಾರಿಗೂ ಬೇಡ.

ನಮ್ಮ ಲೆಕ್ಕದಲ್ಲಿ ತೆಪ್ಪಕ್ಕೆ ಬೇಕಾದ ಬ್ಯಾಕಪ್ ಇಷ್ಟು: ಮೈಮೇಲೆ ಜಾಕೆಟ್, ಹಗ್ಗ ಕಟ್ಟಿದ ಎರಡನೇ ಹುಟ್ಟು, ಗಾಳಿಗೆ ಕೊಚ್ಚಿಹೋಗದಂತೆ ಇಳಿಬಿಡಲು ಹಗ್ಗ ಕಟ್ಟಿದ ಭಾರದ ಕಲ್ಲು, ಗಾಳಿ ತುಂಬಿದ ಹಳೇ ಲಾರಿ ಟ್ಯೂಬು, ಬಲೆ ಕುಯ್ಯಲು ಸೊಂಟದಲ್ಲಿ ಒಂದು ಚಾಕು, ನೀರು ಹೋಗದ ಚೀಲದಲ್ಲಿ ಫೋನು. 112 ಒತ್ತಲು ಆ ಫೋನು ಒಣಗಿರಬೇಕಲ್ಲ. ಇದೆಲ್ಲ ಸೇರಿದರೂ ಮೋಟಾರಿನ ದುಡ್ಡಿನಲ್ಲಿ ಚೂರು.

ಇದು ಯಾರ ಕೆಲಸ?

ಬರೀ ಮೀನುಗಾರರಿಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕೆರೆಯಿಂದ ದುಡ್ಡು ಎಣಿಸುವವರು ಬೇರೆ ಇದ್ದಾರೆ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ದೊಡ್ಡ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಮೀನುಗಾರಿಕೆ ಇಲಾಖೆ ವಿಲೇವಾರಿ ಮಾಡುತ್ತದೆ, ಅದಕ್ಕಿಂತ ಚಿಕ್ಕವು ಗ್ರಾಮ ಪಂಚಾಯಿತಿಯವು. ಕೆರೆ ಗುತ್ತಿಗೆ ಕೊಡುವಾಗ ದುಡ್ಡು ಕಟ್ಟುವ ತಾರೀಕಿಗೆ ಷರತ್ತು ಹಾಕುತ್ತೀರಿ. ನೀರಿಗಿಳಿಯುವ ಪ್ರತಿಯೊಬ್ಬರಿಗೂ ಜಾಕೆಟ್ ಇರಬೇಕು ಅನ್ನುವ ಒಂದು ಸಾಲು ಬರೆಯಲು ಏನು ಅಡ್ಡಿ? ಗುತ್ತಿಗೆ ಹಿಡಿದವನು ಮರಿ ಬಿಡಲು ದುಡ್ಡು ಹಾಕುತ್ತಾನೆ, ಕಾವಲಿಗೆ ಆಳು ಇಡುತ್ತಾನೆ. ಆ ಮೀನು ಹಿಡಿಯುವ ಕೂಲಿಯವನ ಜೀವಕ್ಕೆ ಜಾಕೆಟ್ ಕೊಡಿಸಲು ಯಾಕೆ ಕೈ ಹಿಡಿಯುತ್ತದೆ?

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿಗಳಿಗೆ ಸಿಗುವ ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ. 60. ಸಬ್ಸಿಡಿ ಅನ್ನುವ ಪದ ಕೇಳಿದ ತಕ್ಷಣ ಮಿಕ್ಕ ದುಡ್ಡು ಯಾರ ಜೇಬಿನದು ಅನ್ನುವುದು ಮರೆತುಹೋಗುತ್ತದೆ. ಆದರೆ ಅದೇ ಯೋಜನೆಯಲ್ಲಿ ಒಂದು ಪೈಸೆ ಕಟ್ಟದೆ ಸಿಗುವ ಸಾಮೂಹಿಕ ಅಪಘಾತ ವಿಮೆ ಇದೆ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆ ಆದರೆ 5 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರದವರೆಗೆ. ಕಂತು ಕಟ್ಟುವುದು ಸರ್ಕಾರ. ಒಳನಾಡು ಮೀನುಗಾರರಿಗೂ ಇದು ಇದೆ. ಮೋಟಾರಿನ ವಿಡಿಯೋ ಮನೆಮನೆಗೆ ತಲುಪಿದೆ. ಈ ವಿಮೆಯ ಅರ್ಜಿ ಎಷ್ಟು ಮನೆಗೆ ತಲುಪಿದೆ?

ಮೀನುಗಾರರ ಸಹಕಾರ ಸಂಘಗಳ ಅಧ್ಯಕ್ಷರೇ, ಮುಂದಿನ ಸಭೆಯಲ್ಲಿ ಪಟ್ಟಿ ಓದಿ. ಯಾರ ಹೆಸರು ವಿಮೆಯಲ್ಲಿದೆ, ಯಾರದ್ದಿಲ್ಲ ಅಂತ ಎಲ್ಲರ ಎದುರು ಹೇಳಿ. ಪಂಚಾಯಿತಿ ಸದಸ್ಯರೇ, ನಿಮ್ಮ ಕೆರೆಯ ಗುತ್ತಿಗೆ ಕಾಗದ ತೆಗೆದು ಒಂದು ಸಾಲು ಸೇರಿಸಿ. ಮೀನುಗಾರಿಕೆ ಇಲಾಖೆಯವರೇ, ಬಲೆಯ ಕಿಟ್ ಕೊಡುವಾಗ ಅದರೊಳಗೆ ಜಾಕೆಟ್ ಇಟ್ಟು ಕೊಡಿ.

ತಮ್ಮಂದಿರೇ, ನಿಮಗೆ ಕೊನೆಯ ಮಾತು. ಮೋಟಾರು ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅಂಗಡಿಗೆ ಹೋಗುವ ಮುಂಚೆ ತೆಪ್ಪದೊಳಗೆ ಒಂದು ಸಲ ಬಗ್ಗಿ ನೋಡಿ. ಎರಡನೇ ಹುಟ್ಟು ಇಲ್ಲದಿದ್ದರೆ ಮೊದಲು ಬಡಗಿ ಮನೆಗೆ ಹೋಗಿ.