ಪಾಸಿಟಿವ್ ಅಂದ್ರ ಯಾವುದು ಪಾಸಿಟಿವ್?

‘ಅಕ್ಕಾ, ಹೆಪಟೈಟಿಸ್ ಬಿ ಪಾಸಿಟಿವ್ ಬಂದೈತಿ. ಮನ್ಯಾಗ ಯಾರಿಗೂ ಹೇಳಿಲ್ಲ. ಮುಂದಿನ ತಿಂಗಳು ನಿಶ್ಚಿತಾರ್ಥ...’ ನರಗುಂದದ ನಮ್ಮ ಚಿಗವ್ವನ ಮಗಳ ಮೆಸೇಜು. ನರ್ಸ್ ಕೆಲಸಕ್ಕೆ ಸೇರುವಾಗ ಮಾಡಿಸಿದ ರಕ್ತಪರೀಕ್ಷೆ ಅದು. ರಿಪೋರ್ಟಿನ ಫೋಟೊ ತರಿಸಿ ನೋಡಿದರೆ, ಆ್ಯಂಟಿ-ಎಚ್‌ಬಿಎಸ್: 86. ಇದು ರೋಗವಲ್ಲ, ರಕ್ಷಣೆ! ಕಾಲೇಜಿನಲ್ಲಿ ತಗೊಂಡ ಮೂರು ಡೋಸ್ ಲಸಿಕೆ ಕೆಲಸ ಮಾಡಿದೆ ಎಂಬುದರ ಗುರುತು.

ಗೊಂದಲಕ್ಕೆ ಕಾರಣ ಹೆಸರುಗಳು. ಫೋನಿಗೆ ರಿಪೋರ್ಟ್ ಬಂದಾಗ ಈ ಮೂರನ್ನು ಬೇರೆ ಬೇರೆಯಾಗಿ ಓದಿ.

ಎಚ್‌ಬಿಎಸ್‌ಎಜಿ: ಇದು ವೈರಾಣುವಿನ ಹೊರಕವಚದ ಭಾಗ. ಇದು ಪಾಸಿಟಿವ್ ಬಂದರೆ ವೈರಾಣು ಈಗ ದೇಹದಲ್ಲಿದೆ ಎಂದರ್ಥ. ಆರು ತಿಂಗಳು ದಾಟಿಯೂ ಉಳಿದರೆ ದೀರ್ಘಕಾಲದ ಸೋಂಕು.

ಆ್ಯಂಟಿ-ಎಚ್‌ಬಿಎಸ್: ಇದು ರಕ್ಷಣೆ ಕೊಡುವ ಪ್ರತಿಕಾಯ. ಲಸಿಕೆಯಿಂದ ಬರಬಹುದು, ಸೋಂಕು ಬಂದು ವಾಸಿಯಾದರೂ ಬರಬಹುದು.

ಆ್ಯಂಟಿ-ಎಚ್‌ಬಿಸಿ: ಇದು ಲಸಿಕೆಯಿಂದ ಬರೋದಿಲ್ಲ. ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಸೋಂಕು ಎಂದೋ ತಗುಲಿತ್ತು, ಇಲ್ಲವೇ ಈಗಲೂ ಇದೆ. ಯಾವುದೆಂದು ಹೇಳಲು ಉಳಿದೆರಡೂ ಬೇಕು.

ಇನ್ನು ಅಂಕಿಯ ಮಾತು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಲ್ಲಿ ಆ್ಯಂಟಿ-ಎಚ್‌ಬಿಎಸ್ 10 ಅಥವಾ ಹೆಚ್ಚಿದ್ದರೆ ರಕ್ಷಣೆ ಸಿಕ್ಕಿದೆ. 86 ಆಗಲಿ, 800 ಆಗಲಿ ಪಾಸೇ. ವರ್ಷಗಳು ಕಳೆದಂತೆ ಅಂಕಿ ಇಳಿಯೋದು ಸಹಜ. ಒಮ್ಮೆ 10 ದಾಟಿದ್ದ ಆರೋಗ್ಯವಂತರಿಗೆ ದೇಹದ ನೆನಪು ಉಳಿದಿರುತ್ತದೆ. ಆಸ್ಪತ್ರೆ, ಲ್ಯಾಬ್, ಡಯಾಲಿಸಿಸ್ ಘಟಕದಲ್ಲಿ ದುಡಿಯುವವರಿಗೆ 10ಕ್ಕಿಂತ ಕಡಿಮೆ ಬಂದರೆ ಮಾತ್ರ ಸುಮ್ಮನಿರಬೇಡಿ. ಮತ್ತೆ ಡೋಸ್ ಬೇಕೇ ಎಂದು ವೈದ್ಯರನ್ನು ಕೇಳಿ.

ಮೂರೂ ನೆಗೆಟಿವ್ ಬಂತೆಂದು ಖುಷಿಪಟ್ಟು ಮರೆಯಬೇಡಿ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲದಿರಬಹುದು ಅಂತ ಅದರರ್ಥ. ಶಿಶುಗಳಿಗೆ ಈ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ದೇಶದೆಲ್ಲೆಡೆ ಸಿಗಲು ಶುರುವಾದದ್ದು 2011ರಲ್ಲಿ. ಅಂದರೆ ಈಗ ಕೆಲಸಕ್ಕೆ ಹೋಗುವ ನಮ್ಮಲ್ಲಿ ಎಷ್ಟೋ ಮಂದಿಗೆ ಚಿಕ್ಕಂದಿನಲ್ಲಿ ಹಾಕಿರಲಿಕ್ಕಿಲ್ಲ. ಈಗ ಹಾಕಿಸಿದರೂ ತಡವೇನಲ್ಲ: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ.

ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೂ ಬದುಕು ಮುಗಿಯೋದಿಲ್ಲ. ಇದು ಒಂದೇ ತಾಟಿನಲ್ಲಿ ಉಂಡರೆ, ಕೈ ಕುಲುಕಿದರೆ ಅಂಟುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಹಾಗಾಗಿ ಬ್ಲೇಡು, ಬ್ರಷ್ಷು ಬೇರೆ ಇರಲಿ. ಸಂಗಾತಿಗೆ ಪರೀಕ್ಷೆ, ಲಸಿಕೆ ಆಗಲಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಲೇಬೇಕು. ಸೋಂಕಿದ್ದವರೆಲ್ಲರಿಗೂ ಮಾತ್ರೆ ಬೇಕಾಗೋದಿಲ್ಲ, ಆದರೆ ಎಲ್ಲರಿಗೂ ಲಿವರ್ ತಪಾಸಣೆ ಬೇಕು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ. ರೋಣ, ನರಗುಂದ, ಗಜೇಂದ್ರಗಡದವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ಅಥವಾ ಗದಗಿನ ಜಿಮ್ಸ್‌ಗೆ ಹೋಗಿ. ‘ಕಾಮಾಲಿ ಔಷಧ’ದ ಮನೆ ಹುಡುಕುತ್ತಾ ದಿನ ಕಳೀಬೇಡಿ.

ಮುಂದೆ ಯಾರಾದರೂ ‘ಪಾಸಿಟಿವ್ ಬಂದೈತಿ’ ಅಂದರೆ ಮೊದಲು ಕೇಳಿ: ‘ಯಾವುದು?’