ಗೋಣಿಚೀಲದಲ್ಲಿ ಬಂದ ಅಜ್ಜಿ

ಬೆಕ್ಕು ಎಂದರೆ ನನಗೆ ಆಗುವುದಿಲ್ಲ. ಇದನ್ನು ನಾನು ಯಾವತ್ತೂ ಮುಚ್ಚಿಟ್ಟವನಲ್ಲ. ಊರಲ್ಲಿ ಉಮ್ಮ ಮೀನು ಕೊಯ್ಯಲು ಕೂತರೆ ಸುತ್ತ ನಾಲ್ಕು ಬೆಕ್ಕು. ಕೋಲು ಹಿಡಿದು ಕಾವಲು ಕಾಯುವ ಕೆಲಸ ನನ್ನದು. ಅಡುಗೆಮನೆಗೆ ನುಗ್ಗುತ್ತವೆ, ಮುಸಲ್ಲಾದ ಮೇಲೆ ಮಲಗುತ್ತವೆ, ಮನೆಯೆಲ್ಲ ನಜೀಸ್ ಮಾಡುತ್ತವೆ ಎಂದು ದೂರುತ್ತಲೇ ಬೆಳೆದೆ. ಒಣದ್ರಾಕ್ಷಿ ವ್ಯಾಪಾರಕ್ಕೆಂದು ವಿಜಯಪುರಕ್ಕೆ ಬಂದು ನೆಲೆಸಿದ ಮೇಲೂ ಈ ಹೆಸರು ನನ್ನ ಬೆನ್ನು ಬಿಡಲಿಲ್ಲ. ತಿಕೋಟಾ ಕಡೆಯ ಶೆಡ್‌ಗಳಿಗೆ ಹೋದರೆ, "ಬೆಕ್ಕು ಕಟ್ಟಿ ಹಾಕ್ರೋ, ಮಂಗಳೂರು ಸಾಹೇಬ್ರು ಬಂದ್ರು" ಎಂದು ನಗುತ್ತಿದ್ದರು.

ನಮ್ಮ ಕರಾವಳಿಯವರಿಗೆ ಆ ಶೆಡ್‌ಗಳ ಪರಿಚಯ ಕಡಿಮೆ. ಕಟಾವು ಮಾಡಿದ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರ ಒಣಗಬೇಕು. 4 ಕೆ.ಜಿ. ದ್ರಾಕ್ಷಿ ಒಣಗಿದರೆ ಕೈಗೆ ಬರುವುದು 1 ಕೆ.ಜಿ.ಯ ಆಸುಪಾಸು. ಇಷ್ಟು ಕಷ್ಟದ ಮಾಲಿಗೆ ಇಲಿ ಬಿದ್ದರೆ ಕತೆ ಮುಗಿದಂತೆ. ತಿನ್ನುವ ವಸ್ತುವಿನ ಹತ್ತಿರ ವಿಷ ಇಡುವ ಹಾಗೂ ಇಲ್ಲ. ಹಾಗಾಗಿ ಶೆಡ್ಡಿಗೊಂದು ಬೆಕ್ಕು ಬೇಕೇ ಬೇಕು.

ಕಳೆದ ಬೇಸಿಗೆಯಲ್ಲಿ ತಿಕೋಟಾದ ರೈತರೊಬ್ಬರ ಶೆಡ್‌ನಲ್ಲಿ ಮಾಲು ನೋಡಿ ಬಬಲೇಶ್ವರಕ್ಕೆ ಹೊರಟಿದ್ದೆ. ಅವರು ಬಾಯಿ ಕಟ್ಟಿದ ಗೋಣಿಚೀಲವೊಂದನ್ನು ತಂದು ಗಾಡಿಯಲ್ಲಿಟ್ಟರು. ಚೀಲ ಅಲುಗುತ್ತಿತ್ತು.

"ಸಾಹೇಬ್ರ, ಇದನ್ನ ದಾರ್ಯಾಗ ಎಲ್ಲೆರ ಬಿಟ್ಟು ಹೋಗ್ರಿ. ನಿಮಗ ಹೆಂಗೂ ಬೆಕ್ಕು ಕಂಡ್ರ ಆಗೂದಿಲ್ಲ."

"ಎಂತ ಆಗಿದೆ ಅದಕ್ಕೆ?" ಎಂದೆ.

"ಏನಿಲ್ರಿ, ಮುದಿ ಆಗೇತಿ. ಹಲ್ಲು ಬಿದ್ದಾವು, ಇಲಿ ಹಿಡೀವಲ್ದು. ನನ್ನ ಮಗ ಸಾಲಿ ಸೇರಿದ ವರ್ಷ ಬಂದಿತ್ತು. ಈಗ ಅವ ಕಾಲೇಜಿಗೆ ಹೊಕ್ಕಾನ."

ನನಗೆ ಇದೇನೂ ಹೊಸ ಕೆಲಸವಲ್ಲ. ಹುಡುಗನಾಗಿದ್ದಾಗ ಮನೆಯ ಬೆಕ್ಕೊಂದನ್ನು ಹೀಗೆಯೇ ಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದವನು ನಾನು. ಅದು ಏನಾಯಿತೆಂದು ತಿರುಗಿಯೂ ನೋಡಿರಲಿಲ್ಲ.

ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ಚೀಲದ ಬಾಯಿ ಬಿಚ್ಚಿದೆ. ಬಿಚ್ಚಿದ ಕೂಡಲೇ ಓಡೀತು ಎಂದುಕೊಂಡಿದ್ದೆ. ಓಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಾಲ್ಕು ಹೆಜ್ಜೆ ನಡೆಯಿತು. ಎರಡೂ ಕಡೆ ಬರೀ ಎರೆಹೊಲ, ಹತ್ತಿರದಲ್ಲಿ ಒಂದು ಮರವಿಲ್ಲ. ತಿರುಗಿ ಬಂದು ಗಾಡಿಯ ನೆರಳಿನಲ್ಲಿ, ಹಿಂದಿನ ಚಕ್ರಕ್ಕೆ ಒರಗಿ ಕೂತುಬಿಟ್ಟಿತು. ಎಂಜಿನ್ ಚಾಲೂ ಮಾಡಿದೆ, ಏಳಲಿಲ್ಲ. ಇಳಿದು "ಹುಶ್" ಎಂದೆ, ಏಳಲಿಲ್ಲ. ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಎಂತ ಮಾಡುವುದು ಮಾರಾಯ್ರೆ! ಬಾಟಲಿ ತೆಗೆದು ಅಂಗೈಗೆ ನೀರು ಬಗ್ಗಿಸಿದೆ. ಕುಡಿಯಿತು. ಮತ್ತೆ ಬಗ್ಗಿಸಿದೆ. ಬಾಟಲಿ ಖಾಲಿಯಾಗುವವರೆಗೆ ಕುಡಿಯಿತು.

ಮದ್ರಸದಲ್ಲಿ ಉಸ್ತಾದರು ಹೇಳಿದ್ದ ಹದೀಸ್ ನೆನಪಾದದ್ದು ಆಗ. ಸಹಾಬಿ ಅಬೂ ಖತಾದ(ರ) ವುಝೂ ಮಾಡಲು ಕೂತಾಗ ಬೆಕ್ಕೊಂದು ಬರುತ್ತದೆ. ಅವರು ಅದು ಕುಡಿಯಲೆಂದು ಪಾತ್ರೆಯನ್ನೇ ಬಾಗಿಸಿ ಹಿಡಿಯುತ್ತಾರೆ. ಅಚ್ಚರಿಯಿಂದ ನೋಡಿದ ಸೊಸೆಗೆ, ಬೆಕ್ಕು ನಜೀಸ್ ಅಲ್ಲ, ಅದು ನಿಮ್ಮ ಸುತ್ತ ಓಡಾಡಿಕೊಂಡಿರುವ ಜೀವಗಳಲ್ಲೊಂದು ಎಂದು ಪ್ರವಾದಿ(ಸ) ಹೇಳಿದ್ದನ್ನು ತಿಳಿಸುತ್ತಾರೆ. ಇಷ್ಟು ವರ್ಷ ನಾನು ಶುದ್ಧಿಯ ಹೆಸರಿನಲ್ಲಿ ಹೇಳಿಕೊಂಡು ಬಂದದ್ದು ಬರೀ ನೆಪ ಎಂದು ಆ ರಸ್ತೆಯಲ್ಲಿ ನಿಂತಾಗ ಗೊತ್ತಾಯಿತು.

ಅಂದು ಬಬಲೇಶ್ವರದ ಕೆಲಸ ಮುಗಿಸಿ ಬೆಕ್ಕಿನ ಜೊತೆಗೇ ವಿಜಯಪುರಕ್ಕೆ ಬಂದೆ. ಮನೆಯಾಕೆ ಚೀಲದೊಳಗೆ ನೋಡಿ, "ನೀವೇ ತಂದದ್ದಾ?" ಎಂದು ಎರಡು ಸಲ ಕೇಳಿದಳು. "ಒಂದು ದಿನಕ್ಕೆ ಮಾತ್ರ" ಎಂದೆ. ಆ ಒಂದು ದಿನ ಇನ್ನೂ ಮುಗಿದಿಲ್ಲ.

ಪಶುವೈದ್ಯರು ಪರೀಕ್ಷಿಸಿ, ಕಿಡ್ನಿ ಸೋತಿದೆ ಎಂದರು. ವಯಸ್ಸಾದ ಬೆಕ್ಕುಗಳಲ್ಲಿ ಇದು ಸಾಮಾನ್ಯವಂತೆ. ಅಷ್ಟೊಂದು ಬಾಯಾರಿಕೆ ಅದಕ್ಕೇ. ಸದಾ ನೀರು ಇಡಬೇಕು. ದನದ ಹಾಲು ಬೇಡ, ದೊಡ್ಡ ಬೆಕ್ಕುಗಳಿಗೆ ಹೆಚ್ಚಾಗಿ ಅದು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೀನು ಸಾಕು. ನೀರುಳ್ಳಿ, ಬೆಳ್ಳುಳ್ಳಿ ಅದಕ್ಕೆ ವಿಷ. ನಾವು ನುಂಗುವ ಪ್ಯಾರಾಸಿಟಮಾಲ್ ಒಂದು ಮಾತ್ರೆ ಕೊಟ್ಟರೂ ಸಾಯಬಹುದು. ಹಾಲಿಟ್ಟರೆ ಪುಣ್ಯ ಎಂದುಕೊಂಡಿರುವವರು ಇದನ್ನು ತಿಳಿದಿರಬೇಕು.

ನನಗೆ ಈಗಲೂ ಬೇರೆ ಬೆಕ್ಕುಗಳೆಂದರೆ ಅಷ್ಟಕ್ಕಷ್ಟೇ. ಈ ಅಜ್ಜಿಯ ಮಾತು ಬೇರೆ. ಅದು ಜಿಗಿಯುವುದಿಲ್ಲ, ಕದಿಯುವುದಿಲ್ಲ, ಮುದ್ದು ಮಾಡಿಸಿಕೊಳ್ಳಲೂ ಬರುವುದಿಲ್ಲ. ಸುಬ್‌ಹಿಗೆ ನಾನು ಏಳುವಾಗ ಬಾಗಿಲ ಬಳಿ ನನ್ನ ಚಪ್ಪಲಿಯ ಮೇಲೆ ಮಲಗಿರುತ್ತದೆ. ಎಬ್ಬಿಸಲು ಮನಸ್ಸಾಗದೆ ಮಗನ ಚಪ್ಪಲಿ ಹಾಕಿಕೊಂಡು ಮಸೀದಿಗೆ ಹೋಗುತ್ತೇನೆ.

ತಿಕೋಟಾದ ಆ ರೈತ ಕ್ರೂರಿಯೆಂದು ಯಾರೂ ತಿಳಿಯಬೇಡಿ. ಹತ್ತು ಹನ್ನೆರಡು ವರ್ಷ ಅದಕ್ಕೆ ರೊಟ್ಟಿ ಹಾಕಿದವರು ಅವರೇ. ಕಣ್ಣೆದುರು ಸಾಯುವುದನ್ನು ನೋಡಲಾಗದೆ ಕಣ್ಣಿಗೆ ಕಾಣದ ಕಡೆ ಕಳಿಸಲು ನೋಡಿದರು. ನಾವು ಹೆಚ್ಚಿನವರು ಮಾಡುವುದು ಇದನ್ನೇ. "ಎಲ್ಲಾದರೂ ಬದುಕಿಕೊಳ್ಳುತ್ತದೆ" ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಹಲ್ಲಿಲ್ಲದ, ಬೇಟೆ ಮರೆತ ಬೆಕ್ಕು 40 ಡಿಗ್ರಿ ಬಿಸಿಲಿನಲ್ಲಿ ಎಲ್ಲಿಯೂ ಬದುಕಿಕೊಳ್ಳುವುದಿಲ್ಲ. ಬೆಕ್ಕನ್ನು ಕೂಡಿಹಾಕಿ, ಆಹಾರವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸು ಶಿಕ್ಷೆಗೆ ಗುರಿಯಾದ ಹದೀಸ್ ನಮ್ಮ ಮಕ್ಕಳಿಗೂ ಗೊತ್ತು. ಹುಡುಕಿ ತಿನ್ನಲಾಗದ ಮುದಿ ಜೀವವನ್ನು ಬಯಲಲ್ಲಿ ಬಿಡುವುದು ಅದಕ್ಕಿಂತ ಎಷ್ಟು ಭಿನ್ನ? ದೇಶದ ಕಾನೂನೂ ಇದನ್ನು ಒಪ್ಪುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ.

ಈಜಿಪ್ಟಿನ ಸುಲ್ತಾನ ಬೈಬರ್ಸ್ 13ನೇ ಶತಮಾನದಲ್ಲಿ ಕೈರೋದ ಬೆಕ್ಕುಗಳಿಗೆಂದೇ ಒಂದು ತೋಟವನ್ನು ವಕ್ಫ್ ಮಾಡಿದ್ದನಂತೆ. ನಮ್ಮಿಂದ ತೋಟ ಬೇಡ. ದುಡಿದ ಶೆಡ್‌ನಲ್ಲೇ ಒಂದು ಮೂಲೆ, ಒಂದು ಹಳೇ ಗೋಣಿ, ಒಂದು ಬೋಗುಣಿ ನೀರು ಸಾಕು. ಮರಿಗಳ ಸಂಖ್ಯೆ ಹೆಚ್ಚುವುದೇ ತೊಂದರೆಯಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. ಚೀಲದ ಬಾಯಿ ಕಟ್ಟುವುದು ಮಾತ್ರ ಬೇಡ.

ಬೆಕ್ಕು ನನ್ನ ಮನೆಯಲ್ಲಿದೆ ಎಂದು ಹೇಳಿದಾಗ ಆ ರೈತರು ಬಹಳ ಹೊತ್ತು ಸುಮ್ಮನಿದ್ದರು. ಈಗ ಫೋನ್ ಮಾಡಿದರೆ ಮಾಲಿನ ರೇಟಿಗಿಂತ ಮೊದಲು, "ನಮ್ಮ ಮುದುಕಿ ಹೆಂಗದಾಳ್ರಿ ಸಾಹೇಬ್ರ?" ಎಂದು ಕೇಳುತ್ತಾರೆ. ಚಪ್ಪಲಿ ಮೇಲೆ ಮಲಗಿದೆ ಎನ್ನುತ್ತೇನೆ. ಆಮೇಲೆ ವ್ಯಾಪಾರದ ಮಾತು.